ಚಾಮಯ್ಯ ಮೇಷ್ಟ್ರಿಗೆ ಕೈಮುಗಿಯುವ ಮೊದಲು

ಶಿಕ್ಷಕರ ದಿನಾಚರಣೆ ಬಂತೆಂದರೆ ಕನ್ನಡಿಗರು ತಪ್ಪದೆ ನೆನೆಯುವ ಸಿನಿಮಾ ಮೇಷ್ಟ್ರು ಒಬ್ಬರಿದ್ದಾರೆ. ಹಳ್ಳಿ ಶಾಲೆಯ ಬೀಳ್ಕೊಡುಗೆ ಸಮಾರಂಭದಲ್ಲಿ ನಿವೃತ್ತರಾಗುವ ಶಿಕ್ಷಕರನ್ನು ಹೊಗಳಬೇಕಾದರೆ ‘ಇವರು ನಮ್ಮ ಪಾಲಿನ ಚಾಮಯ್ಯ ಮೇಷ್ಟ್ರು’ ಎಂದರೆ ಸಾಕು, ಮುಂದಕ್ಕೆ ವಿವರಣೆ ಬೇಕಿಲ್ಲ. ಕೆ.ಎಸ್. ಅಶ್ವತ್ಥ್ ಅವರ ಆ ಮುಖ, ಆ ಧ್ವನಿ, ‘ರಾಮಾಚಾರಿ’ ಎಂದು ಕರೆಯುವ ಆ ರೀತಿ ಕನ್ನಡದ ನೆನಪಿನಲ್ಲಿ ಅಚ್ಚೊತ್ತಿ ಕೂತಿವೆ. ‘ನಾಗರಹಾವು’ ಗುರುಭಕ್ತಿಯ ಕಥೆ, ಚಾಮಯ್ಯ ಆದರ್ಶ ಗುರು, ರಾಮಾಚಾರಿ ಆ ಗುರುವಿಗಾಗಿ ತನ್ನ ಪ್ರೀತಿಯನ್ನೇ ಬಿಟ್ಟುಕೊಟ್ಟ ಶಿಷ್ಯೋತ್ತಮ: ಐವತ್ತು ವರ್ಷಗಳಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿರುವ ಪಾಠ ಇದು.

ಈ ಪಾಠ ತಪ್ಪು. ತೆರೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಪಕ್ಕಕ್ಕಿಟ್ಟು, ಕಣ್ಣೀರು ತರಿಸಿದ ಎರಡು ಮೂರು ದೃಶ್ಯಗಳನ್ನಷ್ಟೇ ಉಳಿಸಿಕೊಂಡರೆ ಮಾತ್ರ ಇಂಥ ಪಾಠ ಹುಟ್ಟಲು ಸಾಧ್ಯ. ಪುಟ್ಟಣ್ಣ ಕಣಗಾಲ್ ತೆಗೆದದ್ದು ಒಳ್ಳೆಯ ಮನುಷ್ಯನೊಬ್ಬ ತನ್ನ ಒಳ್ಳೆಯತನದ ಬಲದಿಂದಲೇ ಎಳೆಯ ಜೀವಗಳನ್ನು ಹಾಳುಗೆಡಹುವ ಚಿತ್ರ. ನಾವು ಆ ಮನುಷ್ಯನನ್ನೇ ಪೀಠಕ್ಕೇರಿಸಿ ಪೂಜೆಗೆ ಕೂತೆವು.

ಚಿತ್ರ ಬಿಡುಗಡೆಯಾದದ್ದು 1972ರ ಡಿಸೆಂಬರ್ ಕೊನೆಯಲ್ಲಿ, ಎನ್. ವೀರಾಸ್ವಾಮಿ ಅವರ ಈಶ್ವರಿ ಸಂಸ್ಥೆಯಿಂದ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದೇ ಚಿತ್ರಕ್ಕೆ ಇಳಿಸಿದರು. ಸಂಪತ್ ಕುಮಾರ್ ಎಂಬ ಯುವಕ ಈ ಚಿತ್ರದಿಂದ ವಿಷ್ಣುವರ್ಧನ್ ಆದರು, ಅಮರನಾಥ್ ಎಂಬ ಮಂಡ್ಯದ ಹುಡುಗ ಅಂಬರೀಶ್ ಆದರು. ಆರತಿ ಅಲಮೇಲು, ಶುಭಾ ಮಾರ್ಗರೇಟ್, ಲೀಲಾವತಿ ಮೇಷ್ಟ್ರ ಮಡದಿ ತುಂಗಮ್ಮ. ವಿಜಯಭಾಸ್ಕರ್ ಸಂಗೀತ, ಚಿತ್ರದುರ್ಗದ ಬಂಡೆಗಳು, ಏಳುಸುತ್ತಿನ ಕೋಟೆ. ಜನ ಮುಗಿಬಿದ್ದು ನೋಡಿದರು. ವಿಷ್ಣುವರ್ಧನ್‌ಗೆ ರಾಜ್ಯ ಪ್ರಶಸ್ತಿ ಬಂತು. 2018ರ ಜುಲೈನಲ್ಲಿ ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ತೆರೆಗೆ ಬಂದಾಗ, ಮೊದಲ ಬಿಡುಗಡೆಯ ಕಾಲಕ್ಕೆ ಹುಟ್ಟಿಯೇ ಇರದ ಹುಡುಗರು ಚಿತ್ರಮಂದಿರದ ಮುಂದೆ ಕಟೌಟಿಗೆ ಹಾರ ಹಾಕಿದರು. ಇಷ್ಟು ದೀರ್ಘ ಕಾಲ, ಇಷ್ಟು ಗಾಢವಾಗಿ ಪ್ರೀತಿಸಲ್ಪಟ್ಟ ಚಿತ್ರವನ್ನು ಇಷ್ಟು ಅರೆಬರೆಯಾಗಿ ಓದಿಕೊಂಡದ್ದು ನಿಜಕ್ಕೂ ನೋವಿನ ಸಂಗತಿ.

ಕಥೆಯನ್ನು ಒಮ್ಮೆ ಶಾಂತವಾಗಿ, ಹಾಡುಗಳ ಮೋಹವಿಲ್ಲದೆ ನೆನಪಿಸಿಕೊಳ್ಳಬೇಕು. ರಾಮಾಚಾರಿ ಕಾಲೇಜು ಹುಡುಗ, ಸಿಟ್ಟು ಮೂಗಿನ ಮೇಲೆ. ಪ್ರಿನ್ಸಿಪಾಲರು ಅವಮಾನಿಸಿದರೆಂದು ರಾತ್ರೋರಾತ್ರಿ ಅವರನ್ನು ಕಂಬಕ್ಕೆ ಕಟ್ಟಿಹಾಕುವಷ್ಟು ಸಿಟ್ಟು. ಮನೆಯಲ್ಲಿ ಬೈಗುಳ, ಊರಲ್ಲಿ ತಿರಸ್ಕಾರ. ಅವನನ್ನು ಮನುಷ್ಯನೆಂದು ಕಂಡವರು ಚಾಮಯ್ಯ ಮೇಷ್ಟ್ರು ಮತ್ತು ತುಂಗಮ್ಮ ಇಬ್ಬರೇ. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲನೆಂಬ ಪುಂಡ ಬೀದಿಯಲ್ಲಿ ಕಾಡುತ್ತಾನೆ. ಎದುರಿಸುವ ಎದೆಗಾರಿಕೆ ವರದನಿಗಿಲ್ಲ. ಜಲೀಲನನ್ನು ಹದ್ದುಬಸ್ತಿಗೆ ತಂದರೆ ತಂಗಿಯನ್ನು ನಿನಗೇ ಮದುವೆ ಮಾಡಿಕೊಡುತ್ತೇನೆ ಎಂದು ಅವನು ರಾಮಾಚಾರಿಗೆ ಮಾತು ಕೊಡುತ್ತಾನೆ. ರಾಮಾಚಾರಿ ಹೊಡೆದಾಡಿ ಗೆಲ್ಲುತ್ತಾನೆ. ಅಷ್ಟರಲ್ಲಿ ಅವನಿಗೂ ಅಲಮೇಲುವಿಗೂ ನಿಜವಾದ ಪ್ರೀತಿ ಬೆಳೆದಿರುತ್ತದೆ. ಮದುವೆಯ ಮಾತು ಬಂದಾಗ ವರದ ನುಣುಚಿಕೊಳ್ಳುತ್ತಾನೆ, ಜಾತಿ ಅಡ್ಡ ನಿಲ್ಲುತ್ತದೆ. ಆಗ ಮೇಷ್ಟ್ರು ಬರುತ್ತಾರೆ. ಬಂದು, ಪ್ರೀತಿ ಎಂದರೆ ತ್ಯಾಗ ಎಂದು ಶಿಷ್ಯನ ಮನಸ್ಸನ್ನು ಒಲಿಸುತ್ತಾರೆ. ಅವನು ಒಪ್ಪುತ್ತಾನೆ. ಅಲಮೇಲು ಬೇರೊಬ್ಬನ ಕೈಹಿಡಿದು ಹೋಗುತ್ತಾಳೆ.

ಮುಂದೆ ರಾಮಾಚಾರಿ ಅವಳನ್ನು ಕಾಣುವುದು ಒಂದು ಹೋಟೆಲಿನಲ್ಲಿ, ಮೈಮಾರಿಕೊಳ್ಳುವ ಹೆಣ್ಣಾಗಿ. ತಾಳಿ ಕಟ್ಟಿದವನೇ ಅವಳನ್ನು ಆ ಕೂಪಕ್ಕೆ ನೂಕಿರುತ್ತಾನೆ.

ಗುರುಭಕ್ತಿಯ ಚಿತ್ರ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇಲ್ಲಿದೆ. ಚಾಮಯ್ಯ ಹೇಳಿದ್ದೇ ಸರಿ ಎಂದು ಸಾರುವುದು ಪುಟ್ಟಣ್ಣನ ಉದ್ದೇಶವಾಗಿದ್ದರೆ ಅಲಮೇಲು ಈ ಸ್ಥಿತಿಯಲ್ಲಿ ವಾಪಸು ಬರಬೇಕಾಗಿರಲಿಲ್ಲ. ಅವಳು ಗಂಡನ ಮನೆಯಲ್ಲಿ ಮಕ್ಕಳೊಂದಿಗೆ ಸುಖವಾಗಿದ್ದಾಳೆ ಎಂದು ತೋರಿಸಿ, ತ್ಯಾಗಕ್ಕೆ ಫಲ ಸಿಕ್ಕಿತೆಂದು ನಾಯಕನ ಕಣ್ಣಲ್ಲಿ ಎರಡು ಹನಿ ಬರಿಸಿ ಮುಂದೆ ಹೋಗಬಹುದಿತ್ತು. ಆ ಕಾಲದ ಹತ್ತಾರು ಚಿತ್ರಗಳು ಮಾಡಿದ್ದು ಅದನ್ನೇ. ಪುಟ್ಟಣ್ಣ ಹಾಗೆ ಮಾಡಲಿಲ್ಲ. ಮೇಷ್ಟ್ರ ಉಪದೇಶಕ್ಕೆ ಯಾರು, ಯಾವ ಬೆಲೆ ತೆತ್ತರು ಎಂಬುದನ್ನು ಪ್ರೇಕ್ಷಕರ ಕಣ್ಣೆದುರಿಗೆ ತಂದು ನಿಲ್ಲಿಸಿದರು. ಸಾಲದೆಂಬಂತೆ, ಅದನ್ನು ಮೇಷ್ಟ್ರ ಕಿವಿಗೂ ಮುಟ್ಟಿಸಿದರು.

ಚಿತ್ರದ ನಿಜವಾದ ಭೀಕರತೆ ಶುರುವಾಗುವುದು ಅಲ್ಲಿಂದ. ಅಲಮೇಲುವಿನ ಗತಿ ತಿಳಿದ ಮೇಲೂ ಚಾಮಯ್ಯ ಬದಲಾಗುವುದಿಲ್ಲ. ಬೆಚ್ಚುತ್ತಾರೆ, ನೋಯುತ್ತಾರೆ, ಆದರೆ ತಮ್ಮ ತೀರ್ಪು ನೀಡುವ ಹಕ್ಕನ್ನು ಒಂದಿಷ್ಟೂ ಸಡಿಲಿಸುವುದಿಲ್ಲ. ರಾಮಾಚಾರಿ ಈಗ ಮಾರ್ಗರೇಟಳನ್ನು ಮದುವೆಯಾಗಲು ಹೊರಟಿದ್ದಾನೆ. ಹುಡುಗಿ ಕ್ರೈಸ್ತಳು. ಮೊದಲ ಸಲ ಜಾತಿಗೆ ಹೇಳಿದ ‘ಬೇಡ’ವನ್ನೇ ಈ ಸಲ ಧರ್ಮಕ್ಕೆ ಹೇಳುತ್ತಾರೆ. ಬೆಟ್ಟದ ಮೇಲೆ ಗುರು ಶಿಷ್ಯರು ಮುಖಾಮುಖಿಯಾಗುತ್ತಾರೆ. ಶಿಷ್ಯನ ಕೈಯಿಂದಲೇ ಗುರುವಿನ ಸಾವು ಒದಗುತ್ತದೆ. ಆ ಪಾಪಪ್ರಜ್ಞೆ ಹೊತ್ತು ರಾಮಾಚಾರಿ ಮಾರ್ಗರೇಟಳೊಂದಿಗೆ ಬೆಟ್ಟದಿಂದ ಹಾರುತ್ತಾನೆ. ಮೂರು ಹೆಣ, ಮತ್ತು ಎಲ್ಲೋ ಹೋಟೆಲಿನಲ್ಲಿ ಬದುಕಿದ್ದೂ ಸತ್ತ ಒಬ್ಬಳು ಹೆಣ್ಣು. ಇಷ್ಟನ್ನು ನೋಡಿ ಹೊರಬಂದವರು ಗುರು ಎಂದರೆ ಹೀಗಿರಬೇಕು ಎಂದು ಕಣ್ಣೊರೆಸಿಕೊಂಡರು. ಕನ್ನಡ ಚಿತ್ರರಸಿಕತೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಓದು ಮತ್ತೊಂದು ಇರಲಾರದು.

ಅಲಮೇಲು ಎಷ್ಟು ಸಲ ಕೈಬದಲಾದಳು ಎಂಬುದನ್ನು ಯಾರೂ ಎಣಿಸಿಲ್ಲ. ಮೊದಲು ಅಣ್ಣ ಅವಳನ್ನು ಹೊಡೆದಾಟದ ಕೂಲಿಯೆಂದು ಗೊತ್ತುಮಾಡಿದ. ನಂತರ ಮೇಷ್ಟ್ರು ಅವಳನ್ನು ಬಿಟ್ಟುಕೊಡಲು ಕೇಳಿದರು. ಆಮೇಲೆ ರಾಮಾಚಾರಿ ಬಿಟ್ಟುಕೊಟ್ಟ. ಕೊನೆಗೆ ಗಂಡ ಮಾರಿದ. ಕೊನೆಯವನು ನೀಚ, ಅದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅವನು ಮಾಡಿದ್ದು ಹೊಸದೇನೂ ಅಲ್ಲ. ಅದಕ್ಕೂ ಮೊದಲಿನ ಮೂವರೂ ಒಬ್ಬ ಹೆಣ್ಣಿನ ಬದುಕನ್ನು ತಮ್ಮ ತಮ್ಮೊಳಗೆ ಮಾತಾಡಿ ಇತ್ಯರ್ಥ ಮಾಡಬಹುದು ಎಂದು ನಂಬಿದ್ದವರೇ. ಹಣ ಪಡೆದವನು ಗಂಡನೊಬ್ಬನೇ, ಉಳಿದವರು ಮಾತು, ಕೀರ್ತಿ, ಮನಶ್ಶಾಂತಿ ಪಡೆದರು. ಪುಟ್ಟಣ್ಣ ಈ ಸರಪಳಿಯ ಒಂದು ಕೊಂಡಿಯನ್ನೂ ಬಿಡದೆ ತೋರಿಸಿದ್ದಾರೆ. ರಾಮಾಚಾರಿಯ ತ್ಯಾಗವನ್ನು ಕೊಂಡಾಡುವವರು ಅವನು ತ್ಯಾಗ ಮಾಡಿದ್ದು ತನ್ನದನ್ನಲ್ಲ, ಅವಳ ಬದುಕನ್ನು ಎಂಬುದನ್ನು ಗಮನಿಸಲೇ ಇಲ್ಲ. ಆ ನಿರ್ಧಾರ ಆದದ್ದು ಇಬ್ಬರು ಗಂಡಸರ ನಡುವೆ, ಗುರುಶಿಷ್ಯ ಪ್ರೀತಿಯ ಬಿಸುಪಿನಲ್ಲಿ.

ಆ ಬಿಸುಪನ್ನೇ ಇನ್ನಷ್ಟು ನೋಡಬೇಕು, ಯಾಕೆಂದರೆ ಚಿತ್ರದ ಜೀವ ಇರುವುದೇ ಅಲ್ಲಿ. ರಾಮಾಚಾರಿಯನ್ನು ಬಗ್ಗಿಸಲು ಎಲ್ಲರೂ ಹೆಣಗಿದ್ದಾರೆ. ಕಾಲೇಜು ಶಿಕ್ಷಿಸಿತು, ಅವನು ಹೆಡೆಯೆತ್ತಿದ. ಮನೆ ಗದರಿತು, ಅವನು ಬೆಟ್ಟ ಹತ್ತಿದ. ಊರು ಹಳಿಯಿತು, ಅವನು ಊರನ್ನೇ ಎದುರು ಹಾಕಿಕೊಂಡ. ದಂಡಿಸುವ ಅಧಿಕಾರ ಅವನ ಮುಂದೆ ಸೋತಿತು. ಪ್ರೀತಿಸುವ ಅಧಿಕಾರ ಮಾತ್ರ ಗೆದ್ದಿತು. ಊರಿಗೆ ಬೇಕಾದದ್ದೂ ಅದೇ. ಜಾತಿಯ ಗೋಡೆ ಕಾಯಲು ದೊಣ್ಣೆ ಹಿಡಿದವರು ಬಂದಿದ್ದರೆ ರಾಮಾಚಾರಿ ಅವರನ್ನು ಹೊಡೆದು ಉರುಳಿಸಿ ಅಲಮೇಲುವನ್ನು ಕರೆದುಕೊಂಡು ಹೋಗಿರುತ್ತಿದ್ದ. ಬಂದವರು ಅನ್ನವಿಟ್ಟು, ತಲೆ ನೇವರಿಸಿ ಸಾಕಿದವರು. ಅವರೆದುರು ಕೈ ಎತ್ತುವುದು ಅವನಿಂದಾಗದು. ಮೇಷ್ಟ್ರು ಅವನಿಗೆ ಕೊಟ್ಟ ಪ್ರೀತಿ ಸುಳ್ಳಲ್ಲ. ಅದು ನಿಜವಾದ್ದರಿಂದಲೇ ಅವನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಈ ಸತ್ಯವನ್ನು ಹೇಳಲು ಪುಟ್ಟಣ್ಣ ಖಳನನ್ನು ಹುಡುಕಲಿಲ್ಲ. ಕನ್ನಡ ಚಿತ್ರರಂಗದಲ್ಲೇ ಅತ್ಯಂತ ಮಮತೆ ಸೂಸುವ ನಟನನ್ನು ಆರಿಸಿದರು.

ಅಶ್ವತ್ಥ್ ಅವರ ಅಭಿನಯವನ್ನೇ ಎದುರುವಾದವಾಗಿ ಮುಂದಿಡುವವರಿದ್ದಾರೆ. ಅಷ್ಟು ಪ್ರೀತಿ ಉಕ್ಕಿಸುವ ಪಾತ್ರವನ್ನು ಚಿತ್ರ ಟೀಕಿಸುತ್ತಿದೆ ಎನ್ನುವುದು ಹೇಗೆ ಎಂದು ಅವರು ಕೇಳುತ್ತಾರೆ. ಮೈಸೂರಿನ ಆ ಮಹಾನಟನ ಹಿರಿಮೆ ಇರುವುದೇ ಅಲ್ಲಿ. ಅವರು ಚಾಮಯ್ಯನನ್ನು ಕಪಟಿಯನ್ನಾಗಿ ಆಡಿಲ್ಲ. ಶಿಷ್ಯನ ಒಳಿತಲ್ಲದೆ ಬೇರೇನೂ ಬಯಸದ ಮನುಷ್ಯನನ್ನಾಗಿ ಆಡಿದ್ದಾರೆ. ಆ ಮನುಷ್ಯನ ತಿಳಿವಳಿಕೆಗೆ ಮಾತ್ರ ಒಂದು ಗಡಿ ಇದೆ. ಜಾತಿ ಧರ್ಮಗಳ ಗೆರೆ ದಾಟಿದರೆ ಬದುಕಿಲ್ಲ ಎಂಬ ನಂಬಿಕೆಯ ಗಡಿ ಅದು. ಆ ಗಡಿಯೊಳಗೆ ಅವರು ದೇವರಂಥವರು, ಆಚೆಗೆ ಕುರುಡರು. ಈ ಪಾತ್ರವನ್ನು ಬರೀ ದೇವರೆಂದು ಪೂಜಿಸುವುದು ಅಶ್ವತ್ಥ್ ಕಲೆಗೆ ಮಾಡುವ ಗೌರವವಲ್ಲ. ಅವರು ಆಡಿದ್ದರಲ್ಲಿ ಅರ್ಧವನ್ನು ಅಳಿಸಿಹಾಕಿ ಉಳಿದರ್ಧಕ್ಕೆ ಚಪ್ಪಾಳೆ ತಟ್ಟಿದ ಹಾಗೆ ಅದು.

ಚಿತ್ರವನ್ನು ಹೊಗಳಿದವರಷ್ಟೇ ತಪ್ಪಲಿಲ್ಲ, ತೆಗಳಿದವರೂ ತಪ್ಪಿದರು. ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂಬರ್ಥದಲ್ಲಿ ಅವರು ಆಡಿದ ಮಾತು ಚಿತ್ರದಷ್ಟೇ ಪ್ರಸಿದ್ಧವಾಯಿತು. ಲೇಖಕನ ಸಂಕಟ ಸಹಜವಾದದ್ದು. ಮೂರು ಕಾದಂಬರಿಗಳಲ್ಲಿ ಬೆಳೆಸಿದ ಪಾತ್ರ ಮೂರು ತಾಸಿನ ಚಿತ್ರದಲ್ಲಿ ಹಾಡು, ನೃತ್ಯಗಳ ನಡುವೆ ಹಂಚಿಹೋದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಸಾಹಿತ್ಯವಲಯ ಆ ಒಂದು ಮಾತನ್ನು ಎತ್ತಿಕೊಂಡು, ಚಿತ್ರದ ಮೌಲ್ಯಮಾಪನ ಮುಗಿಯಿತೆಂದು ಕೈತೊಳೆದುಕೊಂಡದ್ದು ಅನ್ಯಾಯ. ಕಾದಂಬರಿ ದೊಡ್ಡದು, ಸಿನಿಮಾ ಭಾವುಕತೆಯ ಸರಕು ಎಂಬ ಧೋರಣೆ ಅಲ್ಲಿಂದ ಗಟ್ಟಿಯಾಯಿತು.

ಪುಟ್ಟಣ್ಣ ರಾಮಾಚಾರಿಯ ವಿಷ ಕಡಿಮೆ ಮಾಡಿದ್ದು ನಿಜ. ಹಾಗೆ ಮಾಡಿದ್ದರಿಂದ ಚಿತ್ರದ ವಿಷ ಕಡಿಮೆಯಾಗಲಿಲ್ಲ, ಇದ್ದ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋಯಿತು. ಹುಡುಗನ ಸಿಟ್ಟು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಅದರಿಂದ ಸಾಯುವವರು ಕಡಿಮೆ. ಹಿರಿಯರ ಹಿತವಚನ ಕಾಣುವುದಿಲ್ಲ. ಚಿತ್ರದಲ್ಲಿ ರಾಮಾಚಾರಿಯ ಸಿಟ್ಟಿನಿಂದ ಪ್ರಿನ್ಸಿಪಾಲರ ಮಾನ ಹೋಗುತ್ತದೆ, ಜಲೀಲನಿಗೆ ಪೆಟ್ಟು ಬೀಳುತ್ತದೆ. ಮೇಷ್ಟ್ರ ಸೌಮ್ಯ ಮಾತಿನಿಂದ ಅಲಮೇಲುವಿನ ಇಡೀ ಬದುಕು ಹೋಗುತ್ತದೆ. ಕಚ್ಚಿದ್ದು ಯಾರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಸಾಧ್ಯವಿರಲಿಲ್ಲ.

ಈ ಓದು ಒಂದೇ ಚಿತ್ರದಿಂದ ಹಿಂಡಿ ತೆಗೆದದ್ದಲ್ಲ. ಪುಟ್ಟಣ್ಣನ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಭ್ಯರ ಕ್ರೌರ್ಯವೇ ಅವರನ್ನು ಬಿಡದೆ ಕಾಡಿದ ವಸ್ತು ಎಂಬುದು ಎದ್ದು ಕಾಣುತ್ತದೆ. ತ್ರಿವೇಣಿ ಅವರ ಕಾದಂಬರಿಯಾಧಾರಿತ ‘ಬೆಳ್ಳಿಮೋಡ’ದಲ್ಲಿ (1967) ಆಸ್ತಿಯ ಲೆಕ್ಕ ತಪ್ಪಿದೊಡನೆ ಮದುವೆಯ ಮಾತು ಮರೆತವನು ಯಾವ ಪುಂಡನೂ ಅಲ್ಲ, ಓದಿದ, ಮರ್ಯಾದಸ್ಥ ಮೋಹನ. ಮುಂದೆ ಅವನು ಮನಸ್ಸು ಬದಲಿಸಿ ಬಂದಾಗ ನಾಯಕಿ ಇಂದಿರಾ ಅವನನ್ನು ನಿರಾಕರಿಸುತ್ತಾಳೆ. ಎಂ.ಕೆ. ಇಂದಿರಾ ಅವರ ಕಥೆಯ ‘ಗೆಜ್ಜೆಪೂಜೆ’ಯಲ್ಲಿ (1969) ಚಂದ್ರಾಳ ಬಾಳನ್ನು ನುಂಗುವುದು ಅವಳ ಹುಟ್ಟನ್ನು ಮರೆಯಲೊಲ್ಲದ ಗೌರವಾನ್ವಿತ ಸಮಾಜ. ‘ಶರಪಂಜರ’ದ (1971) ಕಾವೇರಿ ಮನೋರೋಗದಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುವುದು ಗಂಡ, ನೆರೆಹೊರೆ, ನೆಂಟರು, ಅಂದರೆ ದಿನವೂ ಕಾಫಿ ಕುಡಿದು ಕುಶಲ ಕೇಳುವ ಜನ. ‘ಶರಪಂಜರ’ ನೋಡಿದ ಪ್ರೇಕ್ಷಕರು ಸತೀಶನನ್ನು ಆದರ್ಶ ಪತಿ ಎನ್ನಲಿಲ್ಲ. ಅದರ ಮರುವರ್ಷ ಅದೇ ನಿರ್ದೇಶಕ ಅದೇ ಪ್ರಶ್ನೆಯನ್ನು ಶಾಲಾಮಾಸ್ತರರ ರೂಪದಲ್ಲಿ ಎದುರಿಗಿಟ್ಟಾಗ ಮಾತ್ರ ಜನ ತಲೆಬಾಗಿದರು. ಗಂಡನನ್ನು ಪ್ರಶ್ನಿಸಲು ಸಿದ್ಧವಿದ್ದ ಪ್ರೇಕ್ಷಕವರ್ಗಕ್ಕೆ ಗುರುವನ್ನು ಪ್ರಶ್ನಿಸುವ ಧೈರ್ಯ ಬರಲಿಲ್ಲ.

ಹೊಸ ಅಲೆಯ ಚಿತ್ರಗಳನ್ನು ಕುರಿತು ಬರೆದವರಿಗಾದರೂ ಇದು ಕಾಣಬೇಕಿತ್ತು. 1970ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರನ್ನು ಅವರು ಒರೆಗೆ ಹಚ್ಚಿ ನೋಡಿದರು. 1972ರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳನ್ನೂ ಬಿಡಲಿಲ್ಲ. ಪೂಜ್ಯರಾದ ಹಿರಿಯರ ನೈತಿಕತೆ ಎಷ್ಟು ಗಟ್ಟಿ ಎಂಬ ಚರ್ಚೆ ಆ ಎರಡು ಚಿತ್ರಗಳ ಸುತ್ತ ವರ್ಷಗಟ್ಟಲೆ ನಡೆಯಿತು. ‘ವಂಶವೃಕ್ಷ’ದಲ್ಲಿ ಚಿಕ್ಕ ಪಾತ್ರ ಮಾಡಿದ್ದ ಹುಡುಗನೇ ‘ನಾಗರಹಾವು’ವಿನಲ್ಲಿ ನಾಯಕನಾಗಿ ಮತ್ತೊಬ್ಬ ಪೂಜ್ಯರೆದುರು ನಿಂತಿದ್ದ. ಆದರೆ ಇಲ್ಲಿ ಹಾಡುಗಳಿದ್ದವು, ಬಣ್ಣವಿತ್ತು, ಅಲಮೇಲು ನಿಧಾನಗತಿಯಲ್ಲಿ ಓಡಿಬರುವ ದೃಶ್ಯವಿತ್ತು. ಜನಪ್ರಿಯ ಚಿತ್ರ ಎಂಬ ಹಣೆಪಟ್ಟಿ ಬಿದ್ದಮೇಲೆ ಗಂಭೀರ ವಿಮರ್ಶೆ ಇತ್ತ ತಲೆ ಹಾಕಲಿಲ್ಲ. ಚಾಮಯ್ಯ ಚರ್ಚೆಯಿಂದ ತಪ್ಪಿಸಿಕೊಂಡು ನೇರವಾಗಿ ಪೂಜಾಗೃಹ ಸೇರಿದ್ದು ಹೀಗೆ.

ಕಾಲಧರ್ಮದ ನೆಪ ಹೇಳುವವರದು ಇನ್ನೊಂದು ಗುಂಪು. ಅರ್ಧ ಶತಮಾನದ ಹಿಂದಿನ ಚಿತ್ರವನ್ನು ಇಂದಿನ ಕಣ್ಣಿಂದ ಅಳೆಯಬಾರದು, ಆಗ ಎಲ್ಲ ಮೇಷ್ಟ್ರುಗಳೂ ಹಾಗೇ ಹೇಳುತ್ತಿದ್ದರು ಎಂಬುದು ಅವರ ವಾದ. ಎಲ್ಲ ಮೇಷ್ಟ್ರುಗಳೂ ಹಾಗೆ ಹೇಳುತ್ತಿರಲಿಲ್ಲ. ವೃತ್ತಿಯಿಂದ ಮೇಷ್ಟ್ರಾಗಿದ್ದ ಕುವೆಂಪು 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿ, ಮದುವೆ ಎಂದರೆ ಇಬ್ಬರ ಸಮ್ಮತಿ ಎಂದು ನಾಡಿಗೆ ತೋರಿಸಿದ್ದರು. ಬೇರೆ ಬೇರೆ ಧರ್ಮದ ಇಬ್ಬರು ತಮ್ಮ ತಮ್ಮ ಧರ್ಮದಲ್ಲೇ ಇದ್ದುಕೊಂಡು ಮದುವೆಯಾಗಲು ಅವಕಾಶ ಕೊಡುವ ವಿಶೇಷ ವಿವಾಹ ಕಾಯ್ದೆ 1954ರಲ್ಲೇ ಬಂದಿತ್ತು. ಅಂದರೆ ರಾಮಾಚಾರಿ, ಮಾರ್ಗರೇಟ್ ಬೆಟ್ಟದ ಬದಲು ನೋಂದಣಿ ಕಚೇರಿಗೆ ಹೋಗುವ ದಾರಿ ಅವರಿಗೆ ತೆರೆದೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕಾಗಿ ಹನ್ನೆರಡನೆಯ ಶತಮಾನದ ಕಲ್ಯಾಣ ರಕ್ತ ಚೆಲ್ಲಿತ್ತು. ಇದನ್ನೆಲ್ಲ ಓದಿ ಬೆಳೆದ ನಾಡಿನ ಪ್ರೇಕ್ಷಕರಿಗೆ 1972ರಲ್ಲಿ ಚಾಮಯ್ಯನ ತಪ್ಪು ಅರ್ಥವಾಗುವುದು ಸಾಧ್ಯವಿರಲಿಲ್ಲ ಎನ್ನುವುದು ಆ ಪ್ರೇಕ್ಷಕರಿಗೆ ಮಾಡುವ ಅವಮಾನ.

ಚಿತ್ರದ ಅಂತ್ಯವನ್ನು ಹಿಡಿದು ಬರುವ ಟೀಕೆ ಇದಕ್ಕಿಂತ ಗಟ್ಟಿಯಾದದ್ದು. ಗೆರೆ ದಾಟಿದ ಪ್ರೇಮಿಗಳು ಸಾಯುತ್ತಾರೆ, ಹಾಗಾಗಿ ಚಿತ್ರ ಸಂಪ್ರದಾಯದ ಪರವೇ ನಿಂತಿದೆ ಎನ್ನುವ ಟೀಕೆ ಅದು. ಸ್ತ್ರೀವಾದಿ ಓದುಗಳಲ್ಲೂ ಪುಟ್ಟಣ್ಣನ ಮೇಲೆ ಈ ಆರೋಪವಿದೆ. ಅವರ ನಾಯಕಿಯರು ಗೆರೆ ದಾಟುವಂತೆ ಮಾಡಿ ಕೊನೆಗೆ ಹುಚ್ಚು, ಸಾವುಗಳ ಕೈಗೆ ಒಪ್ಪಿಸುತ್ತಾರೆ ಎಂದು. ಆರೋಪದಲ್ಲಿ ಹುರುಳಿದೆ, ಅಲ್ಲಗಳೆಯಲಾಗದು. ಗೆದ್ದು ಬದುಕುವ ಹೆಣ್ಣುಗಳು ಅವರ ಚಿತ್ರಗಳಲ್ಲಿ ಕಡಿಮೆಯೇ. ಆದರೂ ‘ನಾಗರಹಾವು’ವಿನ ಮಟ್ಟಿಗೆ ಒಂದು ಮಾತು ಉಳಿಯುತ್ತದೆ. ಇಲ್ಲಿ ಗೆರೆ ದಾಟಿದವಳು ಒಬ್ಬಳು, ಗೆರೆಯೊಳಗೇ ಉಳಿದವಳು ಒಬ್ಬಳು. ಮಾರ್ಗರೇಟ್ ತನಗೆ ಬೇಕಾದವನ ಕೈಹಿಡಿದು ನಡೆದಳು. ಅಲಮೇಲು ಹಿರಿಯರು ಹೇಳಿದಂತೆ ಕೇಳಿದಳು. ಕೇಳಿದವಳ ಗತಿ ದಾಟಿದವಳ ಗತಿಗಿಂತ ಘೋರವಾಯಿತು. ವಿಧೇಯತೆಗೆ ಇಂಥ ಪ್ರತಿಫಲ ತೋರಿಸುವ ಚಿತ್ರವನ್ನು ಸಂಪ್ರದಾಯದ ವಕೀಲಿಕೆ ಎಂದು ಕರೆಯಲು ಬರುವುದಿಲ್ಲ. ಸಂಪ್ರದಾಯ ಹೆಣ್ಣಿಗೆ ಕೊಡುವ ಏಕೈಕ ಭರವಸೆ ಎಂದರೆ ವಿಧೇಯಳಾಗಿದ್ದರೆ ಸುರಕ್ಷಿತಳಾಗಿರುತ್ತೀಯೆ ಎಂಬುದು. ಆ ಭರವಸೆ ಬರೀ ಪೊಳ್ಳು ಎಂದು ಅಲಮೇಲುವಿನ ಮೂಲಕ ಪುಟ್ಟಣ್ಣ ಸಾಬೀತುಪಡಿಸಿದ್ದಾರೆ.

ಚಿತ್ರದಲ್ಲಿ ಒನಕೆ ಓಬವ್ವನ ಹಾಡೊಂದಿದೆ. ಜಯಂತಿ ಒನಕೆ ಹಿಡಿದು ನಿಂತ ಆ ದೃಶ್ಯವನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಶಾಲಾ ಮಕ್ಕಳು ಇಂದಿಗೂ ಆಡಿ ತೋರಿಸುತ್ತಾರೆ. ನಾಡಭಕ್ತಿಯ ಹಾಡೆಂದು ಅದನ್ನು ಚಿತ್ರದಿಂದ ಕತ್ತರಿಸಿ ಹೊರಗೆ ತೆಗೆದಿಟ್ಟಿದ್ದೇವೆ. ಅದು ಚಿತ್ರದೊಳಗೆ ಮಾಡುವ ಕೆಲಸವೇ ಬೇರೆ. ಕೋಟೆಯ ಕಿಂಡಿಯಲ್ಲಿ ಯಾರ ಅಪ್ಪಣೆಗೂ ಕಾಯದೆ ಕೈಗೆ ಸಿಕ್ಕ ಒನಕೆ ಎತ್ತಿದ ಹೆಣ್ಣನ್ನು ಚಿತ್ರದುರ್ಗ ಎದೆಯಲ್ಲಿಟ್ಟು ಪೂಜಿಸುತ್ತದೆ. ಅದೇ ಚಿತ್ರದುರ್ಗ ಅಲಮೇಲು ಎಂಬ ಹುಡುಗಿಗೆ ತನ್ನ ಮದುವೆಯ ವಿಷಯದಲ್ಲಿ ಬಾಯಿ ತೆರೆಯಲು ಬಿಡುವುದಿಲ್ಲ. ಆ ಹಾಡನ್ನು ಈ ಕಥೆಯೊಳಗೆ ತಂದಿಟ್ಟ ನಿರ್ದೇಶಕನಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿದಿತ್ತು.

ಜನ ಈ ಚಿತ್ರದಿಂದ ಏನನ್ನು ಆಯ್ದುಕೊಂಡರು ಎಂಬುದು ಇನ್ನೂ ಕಳವಳ ತರುವ ವಿಚಾರ. ಜಲೀಲ ಅಲಮೇಲುವನ್ನು ಬೀದಿಯಲ್ಲಿ ಅಡ್ಡಗಟ್ಟಿ ‘ಬುಲ್‌ಬುಲ್’ ಎಂದು ಕೆಣಕುವ ಮಾತು ನಾಡಿನ ಮುದ್ದುಮಾತಾಯಿತು. ಜಲೀಲನಾಗಿ ನಟಿಸಿದ ಅಂಬರೀಶರ ಅಭಿಮಾನಿಗಳು ಅದನ್ನು ಸಭೆಗಳಲ್ಲಿ ಹೇಳಿಸಿ ಶಿಳ್ಳೆ ಹೊಡೆದರು. 2013ರಲ್ಲಿ ಅದೇ ಹೆಸರಿನ ಚಿತ್ರವೂ ಬಂತು. ಅಂಬರೀಶರ ತುಂಟ ಸೊಗಸು ಪ್ರೇಕ್ಷಕರನ್ನು ಸೆಳೆದದ್ದು ತಪ್ಪಲ್ಲ. ಆದರೆ ಚಿತ್ರದಲ್ಲಿ ಆ ಮಾತು ಕೇಳಿಸಿದಾಗ ಒಬ್ಬಳು ಹುಡುಗಿ ಹೆದರಿ ನಡುಗುತ್ತಾಳೆ. ಅವಳ ಕಥೆ ಹಳ್ಳ ಹಿಡಿಯುವುದೇ ಆ ಮಾತಿನಿಂದ. ರಾಮಾಚಾರಿಯ ಸಿಟ್ಟನ್ನು ಹುಡುಗರು ಎದೆಗೆ ಹಚ್ಚೆ ಹಾಕಿಸಿಕೊಂಡರು. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯ ನಾಯಕ ಆ ಸಿಟ್ಟಿನ ಆರಾಧಕನಾಗಿಯೇ ಬೆಳೆದವನು. ಜಲೀಲನ ಮಾತು ಉಳಿಯಿತು, ರಾಮಾಚಾರಿಯ ಹೆಸರು ಉಳಿಯಿತು, ಮೇಷ್ಟ್ರ ಮಮತೆ ಉಳಿಯಿತು. ಆರತಿ ತಮ್ಮ ಕಣ್ಣುಗಳಲ್ಲಿ ತುಂಬಿಕೊಟ್ಟ ಅಲಮೇಲುವಿನ ಮೂಕ ಸಂಕಟವನ್ನು ಮಾತ್ರ ಯಾರೂ ಮನೆಗೆ ಕೊಂಡೊಯ್ಯಲಿಲ್ಲ.

ಮಾರ್ಗರೇಟಳದ್ದು ಇನ್ನೊಂದು ಬಗೆಯ ಅನ್ಯಾಯ. ಕೆಣಕು, ಜಿದ್ದುಗಳಲ್ಲಿ ಶುರುವಾಗುವ ಆ ಸಂಬಂಧ ಮೆಲ್ಲಗೆ ನಿಜವಾದ ಒಲವಾಗುತ್ತದೆ. ಜನಪ್ರಿಯ ನೆನಪಿನಲ್ಲಿ ಅವಳು ಬರೀ ‘ಮಾಡರ್ನ್ ಹುಡುಗಿ’, ಅಲಮೇಲುವಿನ ನಂತರ ಬಂದ ಎರಡನೆಯವಳು. ಇಡೀ ಚಿತ್ರದಲ್ಲಿ ತನ್ನ ಬದುಕಿನ ನಿರ್ಧಾರವನ್ನು ತಾನೇ ತೆಗೆದುಕೊಂಡವಳು ಅವಳೊಬ್ಬಳೇ. ಅವಳ ಪರವಾಗಿ ಯಾರೂ ಮಾತು ಕೊಟ್ಟಿಲ್ಲ, ಅವಳನ್ನು ಯಾರೂ ತ್ಯಾಗ ಮಾಡಿಲ್ಲ. ಬೆಟ್ಟದ ತುದಿಯಲ್ಲೂ ಅವಳು ತಾನಾಗಿ ಹೆಜ್ಜೆ ಇಡುತ್ತಾಳೆ. ಆ ಸಾವನ್ನು ವೈಭವೀಕರಿಸಬೇಕಿಲ್ಲ, ಅದು ದುರಂತವೇ. ಅಷ್ಟು ದಿಟ್ಟತನದ ಹೆಣ್ಣಿಗೆ ಬದುಕಲು ಒಂದು ಊರಿನಲ್ಲಿ ಅಂಗೈಯಗಲ ಜಾಗ ಸಿಗಲಿಲ್ಲ ಎಂಬುದು ಚಿತ್ರ ಹೊರಿಸುವ ಆಪಾದನೆ. ಆಪಾದಿತರ ಸ್ಥಾನದಲ್ಲಿ ಮೊದಲು ನಿಲ್ಲುವವರು ಚಾಮಯ್ಯ ಮೇಷ್ಟ್ರು.

ಇದನ್ನೆಲ್ಲ ಈಗ ಯಾಕೆ ಕೆದಕಬೇಕು, ಹಳೆಯ ಚಿತ್ರವೊಂದರ ಸವಿನೆನಪನ್ನು ಯಾಕೆ ಕದಡಬೇಕು ಎಂದು ಕೇಳುವವರಿದ್ದಾರೆ. ಚಾಮಯ್ಯ ತೆರೆಯ ಮೇಲೆ ಸತ್ತರೂ ಊರುಗಳಲ್ಲಿ ಸತ್ತಿಲ್ಲ, ಅದಕ್ಕೆ. ಪ್ರೀತಿಸಿ ಮದುವೆಯಾಗಲು ಹೊರಟ ಹುಡುಗ ಹುಡುಗಿಯ ಎದುರು ಮೊದಲು ಮಚ್ಚು ಬರುವುದಿಲ್ಲ. ಮೊದಲು ಬರುವವರು ಹಿತೈಷಿಗಳು. ಸೋದರಮಾವ, ಶಾಲೆಯ ಹೆಡ್‌ಮಾಸ್ಟರು, ಮನೆಗೆ ಬೇಕಾದ ಹಿರಿಯರು ಬಂದು ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಕಣ್ಣಲ್ಲಿ ನೀರು ತರುತ್ತಾರೆ. ಬಹುಪಾಲು ಪ್ರೀತಿಗಳು ಮುರಿದುಬೀಳುವುದು ಅಲ್ಲೇ, ಪೊಲೀಸರಿಗಾಗಲಿ ಪತ್ರಿಕೆಗಾಗಲಿ ಸುದ್ದಿಯಾಗದಂತೆ. 2021ರ ಫೆಬ್ರುವರಿಯಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಸ್ವಾತಂತ್ರ್ಯ ಬಂದು ಎಪ್ಪತ್ತಮೂರು ವರ್ಷಗಳಾದ ಮೇಲೂ ದೇಶದ ಅತ್ಯುನ್ನತ ನ್ಯಾಯಾಲಯ ಇದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂತು. ಅಂಥ ನಾಡಿನಲ್ಲಿ, ಜಾತಿಯ ಕಾರಣಕ್ಕೆ ಶಿಷ್ಯನ ಪ್ರೀತಿ ಮುರಿದ ಮೇಷ್ಟ್ರನ್ನು ಪ್ರತಿ ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಮಾದರಿಯೆಂದು ತೋರಿಸುವುದು ಬರೀ ಸಿನಿಮಾ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಶಾಲೆ, ಕಾಲೇಜುಗಳು ಈ ಚಿತ್ರವನ್ನು ತೋರಿಸಬಾರದು ಎಂದು ಯಾರೂ ಹೇಳಬೇಕಿಲ್ಲ. ತೋರಿಸಲೇಬೇಕು, ಇಡಿಯಾಗಿ ತೋರಿಸಬೇಕು. ಗುರು ಶಿಷ್ಯರು ಅಪ್ಪಿಕೊಳ್ಳುವ ತುಣುಕನ್ನಷ್ಟೇ ಕತ್ತರಿಸಿ ಹಂಚುವವರು ರಾಮಾಚಾರಿ ಹೋಟೆಲಿನಲ್ಲಿ ಅಲಮೇಲುವನ್ನು ಕಾಣುವ ದೃಶ್ಯವನ್ನೂ ಅದರ ಪಕ್ಕದಲ್ಲಿಟ್ಟು ಹಂಚಲಿ. ಆ ಸುದ್ದಿ ಕೇಳಿದ ಕ್ಷಣದಲ್ಲಿ ಅಶ್ವತ್ಥ್ ಮುಖದ ಮೇಲೆ ಏನೇನು ಹಾದುಹೋಗುತ್ತದೆ ಎಂಬುದನ್ನು ಹದಿನೆಂಟರ ಹುಡುಗ ಹುಡುಗಿಯರು ನೋಡಲಿ. ಚರ್ಚೆಗೆ ಪ್ರಶ್ನೆ ಬೇಕಿದ್ದರೆ, ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳಲು ಹೋದ ದಿನ ಮೇಷ್ಟ್ರು ರಾಮಾಚಾರಿಯ ಬಳಿಗೆ ಹೋಗುವ ಮೊದಲು ಅಲಮೇಲುವಿನ ಬಳಿಗೆ ಯಾಕೆ ಹೋಗಲಿಲ್ಲ ಎಂದು ತರಗತಿಯಲ್ಲಿ ಕೇಳಿದರೆ ಸಾಕು.